ಎರಡೇ ಸಲ ಕರೆದ ಜಾವಾ

"ಇನ್ನಾರು ತಿಂಗಳಲ್ಲಿ ಇಡೀ ಹಲಸೂರಲ್ಲಿ ನನ್ನಂಥ ಪ್ರೋಗ್ರಾಮರ್ ಇನ್ನೊಬ್ಬ ಇರಲ್ಲ, ನೋಡ್ತಿರು!" ಎಂದು ನಾನು ಗುಡುಗಿದಾಗ ಹೆಂಡತಿ ಅಲಮೇಲು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ಮೊದ್ಲು ಆ ವಿಸಿಆರ್‌ಗೆ ಟೈಮ್ ಸೆಟ್ ಮಾಡಿ. ತಂದ ದಿನದಿಂದ ಹನ್ನೆರಡು ಗಂಟೇನೇ ತೋರಿಸ್ತಿದೆ."

ಅವಳಿಗೇನು ಗೊತ್ತು ನನ್ನ ಸಂಕಟ! ವಿಮಾ ಕಚೇರಿಯ ಕೌಂಟರಿನಲ್ಲಿ ಕೂತು ಬಂದವರನ್ನೆಲ್ಲ ಮರ್ಯಾದೆಯಿಂದ ಸಾಗಹಾಕುವವನು ನಾನು. ಮ್ಯಾನೇಜರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ನಾಳೆ ಬೆಳಗಿನೊಳಗೆ ಕಂಪ್ಯೂಟರ್ ಕೋರ್ಸಿಗೆ ಸೇರಿದವರಿಗೆ ಹೊಸ ವಿಭಾಗ, ಸೇರದವರಿಗೆ ನೆಲಮಾಳಿಗೆಯ ರೆಕಾರ್ಡ್ ರೂಮು. ಆ ರೂಮಿಗೆ ಇಳಿದ ಗುಮಾಸ್ತರು ಮತ್ತೆ ಮೇಲೆ ಬರುತ್ತಿದ್ದದ್ದು ನಿವೃತ್ತಿಯ ಹಾರ ಹಾಕಿಸಿಕೊಳ್ಳಲು ಮಾತ್ರ!

ಸರಿ, ಕಂಪ್ಯೂಟರಿಗೆ ಕುಂಕುಮವಿಟ್ಟು ಇಂಟರ್‌ನೆಟ್ಟಿಗೆ ಧುಮುಕಿದೆ. ಮೋಡೆಮ್ಮು ಗಂಟಲು ಹಿಸುಕಿದಂತೆ ಕಿರುಚಿ ಸುಮ್ಮನಾಯಿತು. ಮನೆಯಲ್ಲೇ ಕೂತು ಕಲಿಯುವ ಕೋರ್ಸುಗಳು ಸಾಲುಗಟ್ಟಿ ನಿಂತವು. ಮೊದಲನೆಯದು 'ಸಿ'.

"ಈ ವಯಸ್ಸಲ್ಲಿ ಎ, ಬಿ, ಸೀನಾ?" ಎಂದಳು ಅಲಮೇಲು.

ಎರಡನೆಯದು ಜಾವಾ. "ಇದೇ! ನಮ್ಮ ಸೋದರಮಾವನ ಜಾವಾ ಬೈಕು ನಂದಿಬೆಟ್ಟಾನೇ ಹತ್ತಿತ್ತು!"

"ಹತ್ತಿಸಿದ್ದು ಅವರು. ಇದನ್ನ ಹತ್ತಿಸ್ಬೇಕಾದೋರು ನೀವು."

ಹೆಸರು ಬರೆಯಿರಿ, ನಮ್ಮವರು ಕರೆದು ಮಾತಾಡಿಸುತ್ತಾರೆ, ಉತ್ತರ ಕೊಟ್ಟರೆ ಪ್ರವೇಶ ಖಚಿತ ಎಂದು ಇಂಗ್ಲಿಷಿನಲ್ಲಿ ಅಪ್ಪಣೆಯಾಯಿತು. 'ರಾಮು' ಎಂದು ಒತ್ತಿ ಮೈಕಿನ ಮುಂದೆ ಕೂತೆ.

ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ಸು ಕುಂಯ್ ಕುಂಯ್ ಎಂದು ನರಳತೊಡಗಿತು. ಕೋಣೆಯಲ್ಲಿ ಉಳಿದದ್ದು ಮಾನಿಟರಿನ ನೀಲಿ ಬೆಳಕೊಂದೇ. ದೇವರ ದೀಪ ಹಚ್ಚಲು ಹೊರಟಿದ್ದ ಅಮ್ಮ ಶೇಷಮ್ಮ ಬೆಂಕಿಪೊಟ್ಟಣ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು.

"ರಾ... ಆ... ಮು..."

ಸ್ಪೀಕರಿನಿಂದ ಹೆಣ್ಣುದನಿ! ಬಾವಿಯೊಳಗಿಂದ ಬಂದಂತೆ, ಎಳೆದೆಳೆದು, ತುಂಡುತುಂಡಾಗಿ. ಥೇಟ್ ಅಲಮೇಲುವಿನದೇ ದನಿ, ಅದೂ ಗಂಡನ ಹೆಸರು ಹಿಡಿದು! ಆದರೆ ಅಲಮೇಲು ನನ್ನ ಪಕ್ಕದಲ್ಲೇ ಬಾಯಿ ಮುಚ್ಚಿ ನಿಂತಿದ್ದಳು. ಮದುವೆಯಾದ ಮೇಲೆ ಆ ದೃಶ್ಯ ಅದೇ ಮೊದಲು.

"ಉಸಿರೆತ್ಬೇಡ ಕಣೋ!" ಅಮ್ಮ ಪಿಸುಗುಟ್ಟಿದರು. "ಮುಸ್ಸಂಜೇಲಿ ಯಾರೇ ಕರೆದ್ರೂ ಮೂರನೇ ಸಲಕ್ಕೇ ಓ ಅನ್ಬೇಕು. ದೆವ್ವ ಆದ್ರೆ ಎರಡೇ ಸಲ ಕರೆಯೋದು, ಅದೂ ಗೊತ್ತಿರೋರ ದನೀಲಿ."

"ಅದು ಜಾವಾ ಅಮ್ಮಾ" ಎನ್ನಲು ಹೋದೆ. ಅಮ್ಮ ಬೆಂಕಿಪೊಟ್ಟಣ ಎತ್ತಿ ಗದರಿಸಿದರು.

"ರಾ... ಮು... ಇದ್ದೀ... ರಾ..."

ಮೂವರೂ ಕಾದೆವು. ಇನ್ನೊಂದು ಸಲ ಕರಿಯೇ ತಾಯಿ, ಒಂದೇ ಒಂದು ಸಲ! ಬಾಯಿ ಬಿಟ್ಟರೆ ಪ್ರಾಣ ಹೋಗುತ್ತದೆ, ಬಿಡದಿದ್ದರೆ ರೆಕಾರ್ಡ್ ರೂಮು! ಸ್ಪೀಕರಿನಲ್ಲಿ ಯಾರೋ ಉಸಿರೆಳೆದಂತಾಯಿತು. ಆಮೇಲೆ ಟಕ್ ಎಂದು ಸದ್ದೆಲ್ಲ ನಿಂತಿತು.

"ಎರಡೇ ಸಲ!" ಎಂದರು ಅಮ್ಮ.

ಹಿಂದೊಮ್ಮೆ ದೆವ್ವದ ಪುಕಾರು ಹಬ್ಬಿದಾಗ ನಮ್ಮ ಬೀದಿಯವರೆಲ್ಲ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ಅದನ್ನು ಓದಿಕೊಂಡು ದೆವ್ವ ವಾಪಸು ಹೋಗುತ್ತದಂತೆ. ಅಮ್ಮ ಸೀಮೆಸುಣ್ಣ ತಂದು ಮಾನಿಟರಿನ ನೆತ್ತಿಯ ಮೇಲೆ ಅದನ್ನೇ ಬರೆದರು.

"ಹಲಸೂರಿನ ದೆವ್ವ ಅತ್ತೆ, ತಮಿಳಲ್ಲೂ ಬರೆದ್ಬಿಡಿ" ಎಂದಳು ಅಲಮೇಲು.

ಆಗಲೇ ಪರದೆ ಬದಲಾಯಿತು. ನೋಡುವ ಧೈರ್ಯ ನನಗಿರಲಿಲ್ಲ. ಅಲಮೇಲುವೇ ಬಗ್ಗಿ ಓದಿ ಹೇಳಿದಳು: "ನೀವು ಉತ್ತರ ಕೊಡ್ಲಿಲ್ಲ. ಇವತ್ತಿನ ಪ್ರವೇಶ ಮುಗೀತು. ದಯವಿಟ್ಟು ನಾಳೆ ಬನ್ನಿ."

ಅಮ್ಮ ಕೈ ಮುಗಿದರು. "ಎಷ್ಟು ಮರ್ಯಾದಸ್ಥ ದೆವ್ವ ನೋಡು! ನಾವು ಬಾ ಅಂದ್ವಿ, ಅದು ಬನ್ನಿ ಅಂತು."

ನಾನು ಕುರ್ಚಿಯಲ್ಲೇ ಕುಸಿದೆ. "ಮುಗೀತು ಕಣೇ, ರೆಕಾರ್ಡ್ ರೂಮೇ ಗತಿ! ಬಾಗಿಲಿಗೆ ಬಂದೋನನ್ನ ಹೀಗೂ 'ನಾಳೆ ಬನ್ನಿ' ಅಂತ ಸಾಯಿಸ್ತಾರಾ?"

ಅಲಮೇಲು ಹುರುಳಿಕಾಯಿಯ ತಟ್ಟೆ ಎತ್ತಿಕೊಂಡಳು.

"ಇಷ್ಟು ವರ್ಷ ಕೌಂಟರಲ್ಲಿ ಕೂತು ಊರಿಗೆಲ್ಲಾ ಆ ಪಾಠ ಹೇಳ್ಕೊಟ್ಟೋರು ನೀವೇ ಅಲ್ವೇನ್ರೀ?"