ಕಸದ ಗಾಡಿ ಹಿಂದೆ ಓಡಾಡಿದ ದಿನಗಳು

ನನ್ನ ಹುದ್ದೆ ಹೆಲ್ತ್ ಇನ್‌ಸ್ಪೆಕ್ಟರ್ ಅಂತಿದ್ದರೂ ಭದ್ರಾವತಿಯಲ್ಲೂ ಶಿವಮೊಗ್ಗದಲ್ಲೂ ಜನ ಕರೆದದ್ದು 'ಕಸದ ಸಾರ್' ಅಂತಲೇ. ಊರು ಚೊಕ್ಕಟ ಮಾಡಲು ಹೊರಟವನಿಗೆ ನಗುವ ಪ್ರಸಂಗಗಳಿಗೇನೂ ಕೊರತೆಯಿಲ್ಲ. ಮೂಗು ಮುಚ್ಚಿಕೊಂಡು ನಗುವುದೇ ಕಷ್ಟ.

ತೊಟ್ಟಿ ಬೇಡ, ತೊಟ್ಟಿ ಬೇಕು

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಸಾಬರೊಬ್ಬರ ಸೈಕಲ್ ಶಾಪ್ ಇತ್ತು. ಅದರೆದುರಿಗೇ ಸಿಮೆಂಟಿನ ಕಸದ ತೊಟ್ಟಿ. ನಾನು ಕಂಡಾಗಲೆಲ್ಲ, "ಪಂಕ್ಚರ್ ಹಾಕೋವಾಗ ಉಸಿರು ಕಟ್ಟುತ್ತೆ ಸಾರ್, ಇದನ್ನ ತೆಗೆಸಿ" ಅಂತ ಗೋಗರೆಯುತ್ತಿದ್ದರು. ಮನೆಮನೆಯಿಂದ ಕಸ ಒಯ್ಯಲು ತಳ್ಳುಗಾಡಿ ಬಂದ ಮೇಲೆ ತೊಟ್ಟಿ ಒಡೆಸಿದೆ. ಸಾಬರು ಖುಷಿಯಾಗಿ ಚಾ ಕುಡಿಸಿದರು.

ಸ್ವಲ್ಪ ದಿನಕ್ಕೇ ಅದೇ ಸಾಬರು ಮುಖ ಸಣ್ಣ ಮಾಡಿಕೊಂಡು ಆಫೀಸಿಗೆ ಬಂದರು. "ಗಿರಾಕಿನೇ ಇಲ್ಲ ಸಾರ್. 'ತೊಟ್ಟಿ ಎದುರಿನ ಸೈಕಲ್ ಶಾಪ್' ಅಂತಲೇ ನಾವು ಮಶೂರ್. ಈಗ ಎಲ್ಲ ತೊಟ್ಟಿ ಹುಡುಕ್ಕೊಂಡು ಮುಂದೆ ಹೋಗಿಬಿಡ್ತಾರೆ."

"ಹಾಗಾದ್ರೆ ವಾಪಸ್ ಕಟ್ಟಿಸ್ಲಾ?"

"ಅಯ್ಯೋ, ಕಸ ಬೇಡ ಸಾರ್! ತೊಟ್ಟಿ ಮಾತ್ರ ಕೊಡಿ."

ಗಂಟೆ ಬಾರಿಸಿದವರು ಯಾರು?

ಕಾಗದನಗರದ ಪಕ್ಕದ ಬಡಾವಣೆಯಲ್ಲಿ ಗಾಡಿ ಬಂದದ್ದು ಮನೆಯವರಿಗೆ ತಿಳಿಯಲಿ ಅಂತ, ಕಸ ಒಯ್ಯುವ ಪೌರಕಾರ್ಮಿಕ ಹೆಂಗಸಿಗೆ ಒಂದು ಗಂಟೆ ಕೊಟ್ಟೆ. ಮೊದಲು ಸಿಟ್ಟಾಗಿ ಓಡಿಬಂದವನು ಐಸ್‌ಕ್ಯಾಂಡಿ ಮಾರುವವನು. ಅವನ ಸೈಕಲ್ಲಿನಲ್ಲೂ ಅಂಥದ್ದೇ ಗಂಟೆ.

"ಡಬ್ಬಿ ಮುಚ್ಚಳ ತೆಗೆದು ನಿಂತಿದ್ರೆ ಯಾರೋ ಅಕ್ಕ ಸೊಪ್ಪಿನ ದಂಟು ಸುರಿದು ಹೋದ್ರು ಸಾರ್!"

"ನನ್ನ ಪಾಡು ಕೇಳಿ," ಅಂದಳು ನಮ್ಮ ಗಾಡಿಯ ಹೆಂಗಸು. "ಮಕ್ಕಳೆಲ್ಲ ಕಸದ ಗಾಡಿಗೆ ಮುತ್ಕೊಂಡು ಆರೆಂಜ್ ಕೊಡು, ಆರೆಂಜ್ ಕೊಡು ಅಂತಾವೆ!"

ರಗಳೆಯೇ ಬೇಡವೆಂದು ಅವಳಿಗೆ ವಿಸಲ್ ಕೊಡಿಸಿದೆ. ಮರುದಿನ ಬೆಳಿಗ್ಗೆ ಅವಳು ಜೋರಾಗಿ ಊದಿದ್ದೇ ತಡ, ಹೋಗುತ್ತಿದ್ದ ಬಸ್ಸು ರಸ್ತೆ ಮಧ್ಯೆ ಗಕ್ಕನೆ ನಿಂತಿತು. ಡ್ರೈವರ್ ಹಿಂದೆ ತಿರುಗಿ ಕೇಳಿದ: "ಯಾರ್ರೀ ಇಳಿಯೋರು?"

ನಾಮಕರಣದ ಊಟ

ಶಿವಮೊಗ್ಗಕ್ಕೆ ವರ್ಗವಾದ ಮೇಲೆ ದುರ್ಗಿಗುಡಿಯಲ್ಲಿ ಮನೆಗೆರಡು ಬಕೆಟ್ ಹಂಚಿದೆವು. ಹಸಿರಿನದರ ಮೇಲೆ 'ಹಸಿ ಕಸ', ಕೆಂಪಿನದರ ಮೇಲೆ 'ಒಣ ಕಸ' ಅಂತ ದಪ್ಪಕ್ಷರ. ಬೆರೆಸಬೇಡಿ ಅಂತ ಬಾಗಿಲು ಬಾಗಿಲಿಗೆ ಹೋಗಿ ಹೇಳಿ ಗಂಟಲು ಕಟ್ಟಿತು. ಜನ ಮಾತ್ರ ಎಲ್ಲವನ್ನೂ ಬೆರೆಸಿಯೇ ಕೊಡುತ್ತಿದ್ದರು. "ಒಂದು ಮನೆಯಾದ್ರೂ ಸರಿಯಾಗಿ ಮಾಡಿದ್ದನ್ನ ತೋರಿಸ್ರೀ" ಅಂತ ನಮ್ಮ ಆಫೀಸಿನ ಸಾಹೇಬರು ದಿನಾ ನನ್ನ ಬೆಂಡೆತ್ತುತ್ತಿದ್ದರು.

ಅದೇ ಬೀದಿಯ ಒಬ್ಬ ಯಜಮಾನಿ ಮೊಮ್ಮಗನ ನಾಮಕರಣಕ್ಕೆ ಸಾಹೇಬರನ್ನೂ ನನ್ನನ್ನೂ ಕರೆದರು. ಎಲೆ ಮುಂದೆ ಕೂತಿದ್ದೇವೆ. ಹುಳಿ ಬಂತು, 'ಹಸಿ ಕಸ'ದ ಬಕೆಟ್ಟಿನಲ್ಲಿ. ಅದರ ಬೆನ್ನಿಗೇ ಹಪ್ಪಳ ಬಂತು, 'ಒಣ ಕಸ'ದಲ್ಲಿ! ಸಾಹೇಬರು ಎರಡನ್ನೂ ಓದಿದರು. ನನ್ನ ಮುಖ ನೋಡಿದರು.

"ಏನಮ್ಮಾ ಇದು?" ಅಂದೆ ಮೆಲ್ಲಗೆ.

"ಬಡಿಸೋಕೆ ಪಾತ್ರೆ ಸಾಲಲಿಲ್ಲ ಸಾರ್. ಹೊಸಾ ಬಕೆಟ್, ಅಟ್ಟದ ಮೇಲಿಟ್ಟಿದ್ದೆ, ಒಂದು ದಿನಾನೂ ಕಸ ಮುಟ್ಟಿಸಿಲ್ಲ" ಅಂದರು ಆಕೆ ಹೆಮ್ಮೆಯಿಂದ. "ನೀವು ಹೇಳಿದ ಹಾಗೇ ಹಸೀದು ಹಸೀದಕ್ಕೆ, ಒಣಗಿದ್ದು ಒಣಗಿದ್ದಕ್ಕೆ. ಚೂರೂ ಬೆರೆಸಿಲ್ಲ!"

ಸಾಹೇಬರು ಹುಳಿಯನ್ನ ಕಲಸುತ್ತಾ ನನ್ನ ಕಿವಿಯ ಹತ್ತಿರ ಬಗ್ಗಿದರು. "ಇಡೀ ವಾರ್ಡಲ್ಲಿ ನಿಮ್ಮ ಮಾತು ಕೇಳಿದೋರು ಇವರೊಬ್ಬರೇ ಕಣ್ರೀ. ಆ ಒಣ ಕಸ ಇನ್ನೊಂದೆರಡು ಹಾಕ್ಸಿ."