ಕಪ್ಪೆಗಳ ವಂಶವೃಕ್ಷ ಮತ್ತು ಮಾವನ ಪ್ಲಗ್ಗು

ಪುಕ್ಕಟೆ ಕೆಲಸಕ್ಕೆ ಕೈ ಹಾಕಿದವರನ್ನು ದೇವರು ನೆಮ್ಮದಿಯಾಗಿ ಬಿಡುವುದಿಲ್ಲ. ನನ್ನ ಕೆಲಸ ಇಷ್ಟೇ: ಜೀವಿಗಳ ವಂಶವೃಕ್ಷವನ್ನು ಲೆಕ್ಕ ಹಾಕಿ ಊಹಿಸುವ ಒಂದು ಪ್ರೋಗ್ರಾಮನ್ನು, ಯಾವ ಕಂಪ್ಯೂಟರಿನಲ್ಲಾದರೂ ಸಲೀಸಾಗಿ ಕೂರುವ ಹಾಗೆ ಪ್ಯಾಕೇಜ್ ಮಾಡಿ, ಉಚಿತ ಸಾಫ್ಟ್‌ವೇರ್ ಭಂಡಾರಕ್ಕೆ ಸೇರಿಸುವುದು. ಸಂಪಾಜೆ ಕಡೆಯ ಕಪ್ಪೆ ಮೇಷ್ಟ್ರು, ಅಂದರೆ ಕಪ್ಪೆಗಳ ಅಧ್ಯಯನ ಮಾಡುವ ಕಾಲೇಜು ಮೇಷ್ಟ್ರು, ಇದಕ್ಕಾಗಿಯೇ ಕಾಯುತ್ತಿದ್ದರು. ಭಂಡಾರದಲ್ಲಿಲ್ಲದ್ದನ್ನು ಅವರ ಕಾಲೇಜಿನ ಕಂಪ್ಯೂಟರಿಗೆ ಹಾಕುವಂತಿಲ್ಲ. ಈ ಸಲ ಹೊಸದನ್ನು ಸೇರಿಸಿಕೊಳ್ಳುವ ಅವಧಿ ಮುಗಿದು ಭಂಡಾರದ ಬಾಗಿಲು ಮುಚ್ಚಿದರೆ, ಮತ್ತೆ ತೆರೆಯುವಷ್ಟರಲ್ಲಿ ಅವರು ರಿಟೈರ್!

ಒಂದು: ಅನುಮತಿ

ಪ್ರೋಗ್ರಾಮಿನ ಒಂದು ತುಂಡನ್ನು ಹಂಚಲು ಲಿಖಿತ ಅನುಮತಿಯೇ ಇರಲಿಲ್ಲ. ಬರೆದ ಪ್ರೊಫೆಸರು ವಿದೇಶದಲ್ಲಿ. ಕೊಡಗಿನವಳು ಅಂತ ಪರಿಚಯ ಹೇಳಿಕೊಂಡು ಈಮೇಲಿನಲ್ಲಿ ಕೇಳಿದೆ.

“ಓಹೋ, ಕೊಡಗಾ? ಕಾಫಿ ಬೆಳೀತೀರಾ?” ಅಂತ ಉತ್ತರ.

ಮತ್ತೆ ಕೇಳಿದೆ. ಕಾಫಿಯ ಬಗ್ಗೆಯೇ ಉದ್ದಕ್ಕೆ ಬರೆದರು. ಅನುಮತಿಯ ಸುದ್ದಿಯೇ ಇಲ್ಲ. ಮೈಯೆಲ್ಲ ಉರಿದುಹೋಯಿತು. ಕೊನೆಗೆ ಹಲ್ಲು ಕಚ್ಚಿಕೊಂಡು ಕಾಫಿಪುಡಿ ಪಾರ್ಸೆಲ್ ಮಾಡಿದೆ. ಅನುಮತಿ ಬಂತು. ಕೆಳಗೊಂದು ಸಾಲು: “ನಿಮ್ಮಲ್ಲಿ ಕಾಳುಮೆಣಸೂ ಚೆನ್ನಾಗಿರುತ್ತಂತೆ?”

ಎರಡು: ಗುಡುಗು

ಆಮೇಲೆ ಪರೀಕ್ಷೆ. ಮೇಷ್ಟ್ರ ಕಪ್ಪೆಗಳ ಮಾಹಿತಿಯನ್ನೇ ಹಾಕಿ ಓಡಿಸಿದೆ. ಅದು ದಿನಗಟ್ಟಲೆ ಓಡಬೇಕು, ನಡುವೆ ನಿಂತರೆ ಮೊದಲಿಂದ ಶುರು. ನಾನು ಕುಶಾಲನಗರದ ಪೇಟೆಗೆ ಹೋಗಿದ್ದಾಗ ಗುಡುಗಿತು. ಗುಡುಗಿದರೆ ಮನೆಯ ಪ್ಲಗ್ಗೆಲ್ಲ ಕೀಳುವುದು ನಮ್ಮ ಕಡೆ ಧರ್ಮ. ಮಾವ ಧರ್ಮ ಪಾಲಿಸಿದ್ದರು.

“ಅಯ್ಯೋ ಮಾವ! ಯುಪಿಎಸ್ ಇತ್ತಲ್ಲ?”

“ಅದಾ? ಒಂದೇ ಸಮ ಬಡ್ಕೊಳ್ತಿತ್ತು ಕಣವ್ವ. ಪಾಪ ಅಂತ ಅದನ್ನೂ ಆಫ್ ಮಾಡ್ದೆ.”

ಮೂರು: ಫಲಿತಾಂಶ

ಮಾವ ಅಂತಲೂ ನೋಡದೆ ನಾನು ಕೂಗಾಡಿದ್ದು ಪಕ್ಕದ ಶುಂಠಿ ಹೊಲಕ್ಕೂ ಕೇಳಿಸಿತಂತೆ. ಮತ್ತೆ ಓಡಿಸಿದಾಗ ಮಾವ ಪ್ಲಗ್ಗಿನ ಪಕ್ಕವೇ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಗುಡುಗಿದಾಗೆಲ್ಲ ಒಂದು ಕೈ ತಾನಾಗಿ ಪ್ಲಗ್ಗಿನ ಕಡೆ ಹೋಗುತ್ತಿತ್ತು. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಳ್ಳುತ್ತಿದ್ದರು. ಬಾಗಿಲು ಮುಚ್ಚುವ ಮುನ್ನಾದಿನ ಪರೀಕ್ಷೆ ಮುಗಿದು ಪ್ಯಾಕೇಜ್ ಭಂಡಾರ ಸೇರಿತು. ಫೋನಿನಲ್ಲಿ ಮೇಷ್ಟ್ರು ಖುಷಿಯಿಂದ ಮತ್ತೆ ಮತ್ತೆ ಥ್ಯಾಂಕ್ಸ್ ಹೇಳಿದರು.

“ಏನಂತೆ ಕಪ್ಪೆ ಸಮಾಚಾರ?” ಮಾವ ಕೇಳಿದರು.

“ಸಂಪಾಜೆ ಕಪ್ಪೆ, ಕರಿಕೆ ಊರಿನ ಕಪ್ಪೆ ಬೇರೆ ಬೇರೆ ಜಾತಿ ಇರಬಹುದು ಮಾವ.”

“ಇರಬಹುದಾ?”

“ಈ ಪ್ರೋಗ್ರಾಮು ಖಂಡಿತ ಅಂತ ಹೇಳಲ್ಲ. ಸಂಭವ ಎಷ್ಟು ಅಂತಷ್ಟೇ ಹೇಳುತ್ತೆ.”

ಮಾವ ಕುರ್ಚಿಯಿಂದ ಎದ್ದೇಬಿಟ್ಟರು. ಕೂಗಾಡುವ ಸರದಿ ಈಗ ಅವರದು.

“ಗುಡುಗಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದು ಇದಕ್ಕಾ? ಬರೀ ‘ಇರಬಹುದು’ ಅನ್ನೋಕೆ ಮನೇಲಿ ನಾನೊಬ್ಬ ಸಾಲ್ತಿರ್ಲಿಲ್ವೇನವ್ವಾ?”