ಪರದೇಶಿ ಮಾಸ್ತರರ ಪಗಾರ ಇತ್ಯರ್ಥಪಡಿಸುವ ಕುರಿತು

ಪರಸ್ಥಳ ವೇತನ ತಕರಾರು ನಿವಾರಣಾ ಉಪಶಾಖೆ (ತಾತ್ಕಾಲಿಕ)
ಹಳೆಯ ದನದ ದವಾಖಾನೆ ಕಟ್ಟಡ, ಕುಂದಗೋಳ

ಸಂಖ್ಯೆ: ಪವೇತನಿ/ಇಂಗ್ಲಿಷ್/ಬಾಕಿ/೧೯೭೭-೭೮
ದಿನಾಂಕ: ೧೪-೧೧-೧೯೭೭

ಸುತ್ತೋಲೆ

ವಿಷಯ: ಹೊರದೇಶಗಳಲ್ಲಿ ಇಂಗ್ಲಿಷ್ ಕಲಿಸಲು ಹೋಗಿ ಪಗಾರ ಸಿಗದೆ ಉಳಿದ ಶಿಕ್ಷಕರ ತಕರಾರುಗಳನ್ನು ಶೀಘ್ರವಾಗಿ ಇತ್ಯರ್ಥಪಡಿಸುವ ಬಗ್ಗೆ.

ಉಲ್ಲೇಖ:
(ಅ) ಸಂಶಿಯ ಪಂಢರಿನಾಥ ಮಾಸ್ತರರು ಇಥಿಯೋಪಿಯಾದಿಂದ ಬರೆದ ಪತ್ರ. ತಾರೀಖು ಈ ಕಚೇರಿಯ ಚಹಾದ ಕಲೆಯ ಕೆಳಗಿದೆ.
(ಆ) ಅವರ ಪತ್ನಿ ಶ್ರೀಮತಿ ದ್ವಾರಕಾಬಾಯಿಯವರ ಬಾಯಿಮಾತಿನ ಹೇಳಿಕೆ.
(ಇ) ಅದೇ ಹೇಳಿಕೆ, ಇನ್ನೂ ಜೋರಾಗಿ.

ಪೀಠಿಕೆ: ಸಂಶಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಪಂಢರಿನಾಥ ಮಾಸ್ತರರು ಹೆಚ್ಚಿನ ಪಗಾರದ ಆಸೆಯಿಂದ ಇಥಿಯೋಪಿಯಾದ ಒಂದು ಖಾಸಗಿ ಶಾಲೆಗೆ ಹೋಗಿರುತ್ತಾರೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಈ ಶಾಖೆ ಆಗಲೇ ಎಚ್ಚರಿಸಬಹುದಿತ್ತು, ಆದರೆ ಆಗ ಶಾಖೆ ಹುಟ್ಟಿರಲಿಲ್ಲ. ಏಳು ತಿಂಗಳಿಂದ ಪಗಾರ ಕೊಟ್ಟಿಲ್ಲವೆಂದೂ, ಪಾಸ್‌ಪೋರ್ಟನ್ನು ಶಾಲೆಯ ಮಾಲೀಕರು ತಮ್ಮ ಕಪಾಟಿನಲ್ಲಿಟ್ಟು ಕೀಲಿ ಹಾಕಿರುವುದರಿಂದ ಊರಿಗೆ ಮರಳಲೂ ಆಗುತ್ತಿಲ್ಲವೆಂದೂ ಅವರು ಬರೆದಿರುತ್ತಾರೆ. ಪತ್ರದ ಕೊನೆಗೆ "ನಾ ಇಲ್ಲೆ ಅಗದಿ ಪರದೇಶಿ ಆಗೇನಿ" ಎಂಬ ವಾಕ್ಯವಿದೆ. ಈ ಒಂದು ವಾಕ್ಯದಿಂದ ಉದ್ಭವಿಸಿದ ತೊಡಕುಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಸಿಬ್ಬಂದಿಯು ಕೆಳಕಂಡಂತೆ ನಡೆದುಕೊಳ್ಳತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

೧. ಅರ್ಜಿದಾರರು ತಾವು ಪರದೇಶಿ ಆಗಿರುವುದಾಗಿ ಸ್ವಹಸ್ತದಿಂದ ಒಪ್ಪಿಕೊಂಡಿರುವುದರಿಂದ ಅವರನ್ನು ಹೊರದೇಶದ ಪ್ರಜೆಯೆಂದು ಪರಿಗಣಿಸಲಾಗಿದೆ. ಈ ಶಾಖೆಯು ಸ್ವದೇಶಿ ಶಿಕ್ಷಕರ ಪರದೇಶದ ಪಗಾರಕ್ಕಾಗಿ ಮಾತ್ರ ಸ್ಥಾಪಿತವಾದದ್ದು. ಪರದೇಶಿ ಶಿಕ್ಷಕರ ಪರದೇಶದ ಪಗಾರವು ಆ ದೇಶದವರ ತಲೆನೋವು.

೨. ಈ ಬಗ್ಗೆ ಕಾರಕೂನ ಹೊಳೆಯಪ್ಪ ಇವರು "ಸಾಹೇಬ್ರ, ಪರದೇಶಿ ಅಂದ್ರ ನಮ್ಮ ಕಡೆ ದಿಕ್ಕಿಲ್ಲದಾಂವ ಅಂತರಿ" ಎಂದು ಕಡತದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿರುತ್ತಾರೆ. ಅದನ್ನು ಗಂಭೀರವಾಗಿ ಪರಿಗಣಿಸಿ, ದಿಕ್ಕಿಲ್ಲದವರ ವಿಷಯವಾದ್ದರಿಂದ ಕಡತವನ್ನು ಅನಾಥಾಲಯಕ್ಕೆ ಕಳಿಸಲಾಯಿತು. ಮಾಸ್ತರರಿಗೆ ನಲವತ್ತು ದಾಟಿದೆ, ಮೀಸೆ ಇದೆ, ಹೆಂಡತಿಯೂ ಇದ್ದಾರೆ, ಸೇರಿಸಿಕೊಳ್ಳಲು ಬರುವುದಿಲ್ಲ ಎಂದು ಅನಾಥಾಲಯದವರು ಕಡತ ಮರಳಿಸಿರುತ್ತಾರೆ. ಇನ್ನು ಮುಂದೆ ಹೊಳೆಯಪ್ಪ ಇವರು ಯಾವ ಶಬ್ದಕ್ಕೂ ಅರ್ಥ ಹೇಳತಕ್ಕದ್ದಲ್ಲ.

೩. ಶ್ರೀಮತಿ ದ್ವಾರಕಾಬಾಯಿಯವರು ಸಂಶಿಯಿಂದ ಬಸ್ಸಿಗೆ ಬಂದು ಹೀಗೆ ಹೇಳಿಕೆ ಕೊಟ್ಟಿರುತ್ತಾರೆ: "ನಮ್ಮವರು ಪರದೇಶಿ ಆಗ್ಯಾರಂದ್ರ ಆ ದೇಶದವರಾಗ್ಯಾರ ಅಂತಲ್ರೀ. ಕೈಯಾಗ ರೊಕ್ಕಿಲ್ಲ, ಬಾಜೂಕ ನಮ್ಮವರು ಅನ್ನೋರಿಲ್ಲ. ಅವರು ಅಲ್ಲೆ ಪರದೇಶಿ, ನಾ ಇಲ್ಲೆ ಪರದೇಶಿ." ಈ ಹೇಳಿಕೆಯಿಂದ ಅರ್ಜಿದಾರರ ಪತ್ನಿಯೂ ಹೊರದೇಶದವರೆಂಬುದು ಅನಿರೀಕ್ಷಿತವಾಗಿ ಬೆಳಕಿಗೆ ಬಂದಿದೆ. ಅವರು ಒಂದು ವಾರದೊಳಗೆ ಪೊಲೀಸ್ ಠಾಣೆಯಲ್ಲಿ ಹೆಸರು ನೋಂದಾಯಿಸತಕ್ಕದ್ದು. ಅಲ್ಲಿಯವರೆಗೆ ಅವರ ರೇಶನ್ ಕಾರ್ಡಿನ ಸಕ್ಕರೆಯನ್ನು ತಡೆಹಿಡಿಯಲಾಗಿದೆ. ಇದನ್ನು ಓದಿ ಹೇಳಲಾಗಿ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕರೋ ಅತ್ತರೋ ಎಂಬ ಬಗ್ಗೆ ಪಂಚರಲ್ಲಿ ಒಮ್ಮತ ಮೂಡಲಿಲ್ಲ.

೪. ಹೊರದೇಶದವರು ತಮ್ಮ ಸ್ವಂತ ಮನೆಯಲ್ಲಿ ವಾಸವಾಗಿದ್ದರೆ ಆ ಮನೆ ಇರುವ ಸ್ಥಳವು ಹೊರದೇಶವೇ ಆಗತಕ್ಕದ್ದು. ಆದಕಾರಣ ವಿಚಾರಣೆಗಾಗಿ ಸಂಶಿಗೆ ಹೋಗಿಬಂದ ಸಿಬ್ಬಂದಿಯು ಹೊರದೇಶ ಪ್ರವಾಸ ಭತ್ಯೆಯ ಬಿಲ್ಲುಗಳನ್ನು ಸಲ್ಲಿಸಿರುತ್ತಾರೆ. ಬಿಲ್ಲುಗಳನ್ನು ಅಂದೇ ಮಂಜೂರು ಮಾಡಿ ಅಂದೇ ಬಟವಾಡೆ ಮಾಡಲಾಗಿದೆ. ಈ ಶಾಖೆ ಕೆಲಸವನ್ನು ತಡಮಾಡುತ್ತದೆ ಎಂಬ ಅಪವಾದಕ್ಕೆ ಇದೇ ಉತ್ತರ.

೫. ಪಗಾರ ಬಾಕಿಯನ್ನು ಸಾಬೀತುಪಡಿಸಲು ಇಥಿಯೋಪಿಯಾದ ತಲಾಠಿಯವರ (ಗ್ರಾಮ ಲೆಕ್ಕಿಗರ) ದಾಖಲೆ, ಇಬ್ಬರು ನೆರೆಹೊರೆಯ ರೈತರ ಸಹಿ ಇರುವ ಪಂಚನಾಮೆ ಹಾಗೂ ಶಾಲೆಯ ಚತುಸ್ಸೀಮೆಯ ವಿವರ ಅವಶ್ಯ. ಸದರಿ ಊರಿಗೆ ಸಿಬ್ಬಂದಿಯನ್ನು ಕಳಿಸುವ ಸಲುವಾಗಿ ಅಣ್ಣಿಗೇರಿ ಸ್ಟೇಶನ್ನಿನಲ್ಲಿ ತಿಕೀಟು ಕೇಳಲಾಯಿತು. ಅಲ್ಲಿಯ ಬುಕಿಂಗ್ ಕಾರಕೂನರು "ಗದಗದಾಗ ಗಾಡಿ ಬದಲ ಮಾಡ್ರಿ, ಮುಂದ ಅಲ್ಲೇ ಕೇಳ್ರಿ" ಎಂದಿರುತ್ತಾರೆ. ಗದಗಿನ ಉತ್ತರವನ್ನು ನಿರೀಕ್ಷಿಸಲಾಗುತ್ತಿದೆ.

೬. ಶಾಲೆಯ ಮಾಲೀಕರು ಮಾಸ್ತರರಿಗೆ ಕೊಟ್ಟ ಇಂಗ್ಲಿಷ್ ಚೀಟಿಯಲ್ಲಿ ಪಗಾರವು 'ವಿಲ್ ಬಿ ಪೇಡ್' ಎಂದಿದೆ. ಇದು ಭವಿಷ್ಯತ್ಕಾಲ. ಭವಿಷ್ಯತ್ಕಾಲದ ಹಣ ಬಾಕಿಯಾಗಲಾರದು, ಏಕೆಂದರೆ ಆ ಕಾಲ ಇನ್ನೂ ಬಂದಿಲ್ಲ. ಮೇಲಾಗಿ ವಾಕ್ಯವು ಕರ್ಮಣಿ ಪ್ರಯೋಗದಲ್ಲಿದ್ದು, ಕೊಡತಕ್ಕವರು ಯಾರೆಂಬುದೇ ಅದರಲ್ಲಿ ಇಲ್ಲ. ಇಂಥ ವಾಕ್ಯವನ್ನು ಬರೆಯಲು ಬಹುಕಾಲದ ಆಡಳಿತಾನುಭವ ಬೇಕು. ಸದರಿ ಮಾಲೀಕರ ಬಗ್ಗೆ ಈ ಶಾಖೆಗೆ ಗೌರವ ಮೂಡಿದೆ. ಇಷ್ಟು ಸರಳ ವ್ಯಾಕರಣ ತಿಳಿಯದೆ ತಕರಾರು ಮಾಡಿದ ಮಾಸ್ತರರ ಇಂಗ್ಲಿಷ್ ಬಗ್ಗೆ ಮಾತ್ರ ಸಂದೇಹ ಉಂಟಾಗಿದ್ದು, ಅವರು ಮರಳಿದ ಕೂಡಲೇ ಮರುತರಬೇತಿಗೆ ಹಾಜರಾಗತಕ್ಕದ್ದು.

೭. ಪಾಸ್‌ಪೋರ್ಟು ಕಪಾಟಿನಲ್ಲಿ ಭದ್ರವಾಗಿರುವುದು ಸಮಾಧಾನದ ಸಂಗತಿ. ಈ ಶಾಖೆಯ ಕಪಾಟಿಗೆ ಕೀಲಿಯೇ ಇಲ್ಲ. ಎರಡು ಸಲ ಬರೆದರೂ ಮೇಲಿನವರು ಮಂಜೂರು ಮಾಡಿಲ್ಲ. ಮಾಸ್ತರರು ಹೊರಡುವಾಗ ಆ ಕೀಲಿ ಯಾವ ಕಂಪನಿಯದ್ದೆಂದು ನೋಡಿಕೊಂಡು ಬರತಕ್ಕದ್ದು.

೮. ಒಂದು ವೇಳೆ ಪಗಾರ ಬಂದದ್ದೇ ಆದಲ್ಲಿ, ಬಂದ ಕ್ಷಣದಿಂದ ಪಂಢರಿನಾಥ ಮಾಸ್ತರರನ್ನು ಮರಳಿ ಸ್ವದೇಶಿಯೆಂದು ಪರಿಗಣಿಸಿ, ತೆರಿಗೆ ಮತ್ತು ಅಲ್ಪ ಉಳಿತಾಯದ ತಾಲೂಕು ಗುರಿಯನ್ನು ಅವರೊಬ್ಬರಿಂದಲೇ ಪೂರೈಸಿಕೊಳ್ಳತಕ್ಕದ್ದು. ರೊಕ್ಕ ಬರುವವರೆಗೆ ಯಾರೂ ಅವರನ್ನು ನಮ್ಮವರೆಂದು ಅನ್ನಬಾರದು.

೯. (ಈ ಕಲಮನ್ನು ಹೊಳೆಯಪ್ಪ ಇವರು ಬರೆದಿದ್ದರು. ತೆಗೆದುಹಾಕಲಾಗಿದೆ.)

೧೦. ನಿನ್ನೆ ರವಿವಾರವಾದ್ದರಿಂದ ಕಚೇರಿ ಮುಚ್ಚಿದ್ದು, ಶ್ರೀಮತಿ ದ್ವಾರಕಾಬಾಯಿಯವರು ಅದನ್ನರಿಯದೆ ಬಂದು ಸಂಜೆಯತನಕ ಅಂಗಳದ ಬೇವಿನ ಗಿಡದ ಬುಡದಲ್ಲಿ ಕುಳಿತಿದ್ದಾಗಿ ತಿಳಿದುಬಂದಿದೆ. ಇಂದು ಬೆಳಿಗ್ಗೆ ಬಾಗಿಲು ತೆರೆದಾಗ ಅವರು ಮತ್ತೆ ಅಲ್ಲಿಯೇ ಇದ್ದರು. ಜೋರು ಮಾಡಲಿಲ್ಲ. "ಪಗಾರ ಹೋದ್ರ ಹೋಗ್ಲಿ ಬಿಡ್ರಿ ಸಾಹೇಬ್ರ. ಆ ಕಪಾಟಷ್ಟ ತಗಸ್ರಿ. ನಮ್ಮವರನ್ನ ಮನಿಗೆ ಕಳಿಸ್ರಿ, ಗಂಜಿ ಕುಡದಾದ್ರೂ ಇಬ್ರೂ ಕೂಡಿ ಇರ್ತೇವಿ" ಎಂದರು. ಈ ಮಾತುಗಳಲ್ಲಿ ಮೊದಲನೆಯ ವಾಕ್ಯ ಮಾತ್ರ ಈ ಶಾಖೆಯ ವ್ಯಾಪ್ತಿಗೆ ಒಳಪಡುತ್ತದೆ. ಪಗಾರ ಬೇಡವೆಂದಷ್ಟರ ಮಟ್ಟಿಗೆ ಅವರನ್ನು ಸ್ವದೇಶಿಯೆಂದು ಪರಿಗಣಿಸಿ, ಹೇಳಿಕೆಯನ್ನು ಸ್ವೀಕರಿಸಿ, ಹೆಬ್ಬೆಟ್ಟು ಕೇಳಲಾಯಿತು. ಅವರು ಸಹಿಯನ್ನೇ ಮಾಡಿದರು, ಅದೂ ಇಂಗ್ಲಿಷಿನಲ್ಲಿ. ಗಂಡ ಕಲಿಸಿದ್ದಂತೆ. ಇದರೊಂದಿಗೆ ತಕರಾರು ಸೌಹಾರ್ದಯುತವಾಗಿ ಇತ್ಯರ್ಥಗೊಂಡಿದೆಯೆಂದು ಹರ್ಷದಿಂದ ಘೋಷಿಸಲಾಗಿದೆ. ಉಳಿದ ವಾಕ್ಯಗಳು ಗಂಡನ ವಾಪಸಾತಿಗೆ ಸಂಬಂಧಿಸಿದ್ದು, ಅದಕ್ಕೆ ಸರಕಾರವು ಇನ್ನೂ ಶಾಖೆಯನ್ನು ತೆರೆದಿರುವುದಿಲ್ಲ.

ಇದು ಈ ಶಾಖೆ ಇತ್ಯರ್ಥಪಡಿಸಿದ ಮೊದಲ ಪ್ರಕರಣವಾದ್ದರಿಂದ ಸಿಬ್ಬಂದಿಗೆ ಮಧ್ಯಾಹ್ನದ ಮೇಲೆ ಸೂಟಿ ಕೊಡಲಾಗಿದೆ.

(ಸಹಿ ಓದಲು ಬರುವಂತಿಲ್ಲ)
ಅಧೀಕ್ಷಕರ ಪರವಾಗಿ
(ಅಧೀಕ್ಷಕರು ಸಂಶಿ ದೇಶದ ಪ್ರವಾಸದಲ್ಲಿರುತ್ತಾರೆ)

ಪ್ರತಿಗಳು:

೧. ಪೊಲೀಸ್ ಠಾಣೆಗೆ, ಹೊರದೇಶದ ಮಹಿಳೆಯ ನೋಂದಣಿಗಾಗಿ.
೨. ರೇಶನ್ ಅಂಗಡಿ, ಸಂಶಿ, ಸಕ್ಕರೆ ತಡೆಯುವ ಸಲುವಾಗಿ.
೩. ಅನಾಥಾಲಯಕ್ಕೆ, ಈ ಸಲ ದಂಪತಿಗಳಿಬ್ಬರನ್ನೂ ಕೂಡಿಯೇ ಮರುಪರಿಶೀಲಿಸಲು.
೪. ಕಾರಕೂನ ಹೊಳೆಯಪ್ಪ ಇವರಿಗೆ, ಅರ್ಥ ಹೇಳದಿರುವ ಸಲುವಾಗಿ.
೫. ಶ್ರೀಮತಿ ದ್ವಾರಕಾಬಾಯಿಯವರಿಗೆ, ಬೇವಿನ ಗಿಡದ ಬುಡದಲ್ಲಿ, ಖುದ್ದಾಗಿ. ಅಂಚೆವೆಚ್ಚ ಉಳಿತಾಯವಾಗಿದೆ.
೬. ಇಥಿಯೋಪಿಯಾದ ಶಾಲೆಯ ಮಾಲೀಕರಿಗೆ, ಅಭಿನಂದನೆಗಳೊಂದಿಗೆ. ಅವರಿಗೆ ಕನ್ನಡ ಬಾರದಿದ್ದಲ್ಲಿ ಈ ಸುತ್ತೋಲೆಯನ್ನು ಪಂಢರಿನಾಥ ಮಾಸ್ತರರಿಂದ ಇಂಗ್ಲಿಷಿನಲ್ಲಿ ಓದಿಸಿಕೊಳ್ಳತಕ್ಕದ್ದು. ಅದಕ್ಕೆ ಬೇರೆ ಪಗಾರ ಕೊಡುವ ಅಗತ್ಯವಿರುವುದಿಲ್ಲ.